ಕ್ರೀನಾಳ ತಾಳೆಗೆ ಗಂಡು

ಮೊಸ್ಸೆಲ್‌ಹೂಕಿನ ಜನ ಕೆಟ್ಟ ಸುದ್ದಿ ತಂದವರಿಗೂ ಮೊದಲು ಕಾಫಿ ಕೊಡುತ್ತಾರೆ. ಕಾಫಿಯ ಜೊತೆ ಒಂದು ಬಿಸ್ಕತ್ತು. ಒಂದೇ ಒಂದು. ಕೊಟ್ಟ ಮೇಲೆ ಡಬ್ಬಿಯ ಮುಚ್ಚಳ ಟಪ್ಪೆಂದು ಬೀಳುತ್ತದೆ, ಬಂದವರು ರಾಜನಾಗಿರಲಿ ಪಾದ್ರಿಯಾಗಿರಲಿ. ಮೇ ತಿಂಗಳ ಒಂದು ಬೆಳಿಗ್ಗೆ ನೀರು ಮಂಡಳಿಯ ಹುಡುಗಿ ಮಾರಿಟ್ ಕ್ರೀನಾ ಬ್ಲೀಕಳ ಅಡುಗೆಮನೆಯಲ್ಲಿ ಕೂತು, ಆ ಒಂದು ಬಿಸ್ಕತ್ತನ್ನು ಚೂರು ಚೂರಾಗಿ ಮುರಿದು ತಿನ್ನುತ್ತ, ಕಡಲ ನೀರು ಊರಿಗೆ ನುಗ್ಗದಂತೆ ತಡೆಯುವ ಏರಿಯ ವಿಚಾರ ಹೇಳಿದಳು. ಏರಿಯನ್ನು ಎತ್ತರಿಸಬೇಕು. ಎತ್ತರಿಸಬೇಕಾದರೆ ಬುಡ ಅಗಲವಾಗಬೇಕು. ಬುಡ ಅಗಲವಾಗಬೇಕಾದರೆ ಏರಿಗೆ ಒತ್ತಿಕೊಂಡಿರುವ ಹಿತ್ತಿಲುಗಳು ಅರ್ಧ ಹೋಗಬೇಕು. ಮನೆಗೇನೂ ಆಗುವುದಿಲ್ಲ. ಕೋಳಿಗೂಡು ಹೋಗುತ್ತದೆ, ಸೈಕಲ್ ನಿಲ್ಲಿಸುವ ಕೊಟ್ಟಿಗೆ ಹೋಗುತ್ತದೆ, ಆಮೇಲೆ... ಎಂದು ಹುಡುಗಿ ಮಾತು ನಿಲ್ಲಿಸಿ ಕಿಟಕಿಯಾಚೆ ನೋಡಿದಳು.

ಕಿಟಕಿಯಾಚೆ ತಾಳೆ ಮರ ನಿಂತಿತ್ತು. ಎರಡಾಳಿಗಿಂತ ಎತ್ತರ, ಕಾಂಡಕ್ಕೆಲ್ಲ ಕರಡಿಯ ಮೈಯಂಥ ಕಂದು ನಾರು, ನೆತ್ತಿಯಲ್ಲಿ ಬೀಸಣಿಗೆಯಂಥ ಎಲೆಗಳು. ಪಡುವಣ ಗಾಳಿಗೆ ಎಲೆಗಳು ಚಟಪಟ ಸದ್ದು ಮಾಡುತ್ತಿದ್ದವು. ಬೀಟ್‌ರೂಟು, ಆಲೂಗಡ್ಡೆ, ಈರುಳ್ಳಿ ಬೆಳೆಯುವ ನಮ್ಮ ಈ ಚಳಿಸೀಮೆಯ ಝೇಲಂಡಿನಲ್ಲಿ ಅಂಥ ಮರ ನೋಡಿದರೆ ಹೊಸಬರು ಸೈಕಲ್ ನಿಲ್ಲಿಸುತ್ತಾರೆ.

"ಬೇರು ಅರ್ಧಕ್ಕರ್ಧ ಏರಿಯ ಹಳೇ ಕಲ್ಲುಗಳೊಳಗೆ ಹೋಗಿದೆ ಮೇಡಂ. ಮರ ಎತ್ತಿ ಬೇರೆ ಕಡೆ ನೆಡೋರನ್ನ ಕರೆಸಿ ತೋರಿಸಿದ್ವಿ. ಆಗಲ್ಲ ಅಂದ್ರು. ನರ್ಸರಿಯಿಂದ ಹೊಸದು ಕೊಡಿಸ್ತೀವಿ, ಇಷ್ಟೇ ಎತ್ತರದ್ದು," ಎಂದಳು ಮಾರಿಟ್.

"ನನ್ನ ಗಂಡ ಸತ್ತು ಎಷ್ಟೋ ವರ್ಷ ಆಯ್ತು. ಅವನ ಬದ್ಲಿಗೂ ಒಬ್ಬನ್ನ ಕೊಡಿಸ್ತೀರಾ, ಇಷ್ಟೇ ಎತ್ತರದವನ್ನ?"

ಹುಡುಗಿಯ ಮುಖ ಕೆಂಪಾಯಿತು. ಕ್ರೀನಾಳಿಗೆ ಅಯ್ಯೋ ಅನ್ನಿಸಿ, ಎಂದೂ ಮಾಡದವಳು ಡಬ್ಬಿ ತೆರೆದು ಇನ್ನೊಂದು ಬಿಸ್ಕತ್ತು ಕೊಟ್ಟಳು. ಜಗಳ ಕಾಯಲು ಅವಳಿಗೆ ಬಾಯಿ ಇರಲಿಲ್ಲವೆಂದಲ್ಲ, ಊರಿನಲ್ಲೇ ದೊಡ್ಡ ಬಾಯಿ ಅವಳದು. ಆದರೆ ಏರಿಯ ಮಾತು ಬಂದರೆ ನಮ್ಮ ಕಡೆ ಯಾರೂ ಜಗಳ ಕಾಯುವುದಿಲ್ಲ. ಸಾವಿರದ ಒಂಬೈನೂರ ಐವತ್ತಮೂರರ ಪ್ರವಾಹದಲ್ಲಿ ಏರಿ ಒಡೆದು, ಅವಳ ಅಪ್ಪನ ತಂಗಿ ಕೊಟ್ಟಿಗೆಯ ಮಾಡಿನ ಮೇಲಿಂದ ನೀರುಪಾಲಾದಳು. ಹದಿನಾರರ ಹುಡುಗಿ. ಅವಳ ಹೆಸರು ಚರ್ಚಿನ ಮುಂದಿನ ಕಲ್ಲಿನಲ್ಲಿದೆ. ಆ ಕಲ್ಲಿನ ಮುಂದೆ ಹಾದುಹೋಗುವ ಊರಿನಲ್ಲಿ ಬದುಕಿಕೊಂಡು, ನನ್ನ ಮರ ಉಳಿಸಿ ಏರಿ ಬಿಡಿ ಅನ್ನಲಾದೀತೇ? ಯಾವಾಗ ಶುರು ಎಂದಷ್ಟೇ ಕೇಳಿದಳು. ಬಿರುಗಾಳಿಯ ಕಾಲದಲ್ಲಿ ಏರಿಯನ್ನು ಅಗೆಯುವ ಹಾಗಿಲ್ಲ, ಆದ್ದರಿಂದ ಬರುವ ವರ್ಷ ಏಪ್ರಿಲ್ ಅರ್ಧ ಕಳೆದ ಮೇಲೆ ಎಂದಳು ಹುಡುಗಿ.

ಅವಳು ಹೋದ ಮೇಲೆ ಕ್ರೀನಾ ಹಿತ್ತಿಲಿಗೆ ಹೋಗಿ ಮರದ ಬುಡದಲ್ಲಿ ನಿಂತಳು.

ಒಂದು ಮರಕ್ಕೆ ಇಷ್ಟೊಂದು ಯಾಕೆ ಎಂದು ಕೇಳುವವರು ಕ್ರೀನಾಳ ಜಾತಕ ಕೇಳಬೇಕು. ಆ ಹೆಂಗಸು ಜೀವನದಲ್ಲಿ ಹಿಡಿದದ್ದೆಲ್ಲ ಕೈಬಿಟ್ಟಿತ್ತು. ಮಸ್ಸೆಲ್ ಎಂಬ ಕಡಲ ಚಿಪ್ಪುಮೀನು ಬೇಯಿಸಿ ಮಾರುವ ಅಂಗಡಿ ಇಟ್ಟಳು, ಆ ವರ್ಷವೇ ದೊಡ್ಡ ರಸ್ತೆ ಬೇರೆ ದಾರಿಯಲ್ಲಿ ಹೋಯಿತು. ಗಂಡ ಈಮಾನ್‌ಗೆ ಹಳೆಯ ದೋಣಿ ಬೇಡ, ಇದು ಒಳ್ಳೆಯದು ಎಂದು ಹಠ ಹಿಡಿದು ಕೊಡಿಸಿದ್ದು ಸೋರಿತು. ಕೊನೆಗೆ ಈಮಾನ್ ಒಂದು ಭಾನುವಾರ ಎದೆ ನೋವು ಅಂದಾಗ, ಅದು ಬರೀ ಗ್ಯಾಸು, ಬಿಸಿನೀರು ಕುಡಿ ಎಂದವಳು ಇವಳೇ. ಸಂಜೆಯೊಳಗೆ ಈಮಾನ್ ಇರಲಿಲ್ಲ. ಆ ಮಾತನ್ನು ಅವಳು ಯಾರೊಡನೆಯೂ ಆಡುವುದಿಲ್ಲ, ಊರಿನವರೂ ಆಡುವುದಿಲ್ಲ. ಮದುವೆಯಾಗಿ ಬಂದ ವರ್ಷ ಮೊಣಕಾಲೆತ್ತರದ ಈ ತಾಳೆಯನ್ನು ನೆಟ್ಟಾಗ ಅತ್ತೆ, ಕ್ರಿಸ್‌ಮಸ್‌ಗೆ ಒಲೆಗಾಗುತ್ತೆ ಬಿಡು ಎಂದು ಮೂಗು ಮುರಿದಿದ್ದಳು. ಅತ್ತೆ ಹೋದಳು, ಅಂಗಡಿ ಹೋಯಿತು, ದೋಣಿ ಹೋಯಿತು, ಈಮಾನ್ ಹೋದ. ತಾಳೆ ನಿಂತಿತ್ತು. ಅದರಲ್ಲೂ ಆರು ವರ್ಷದ ಹಿಂದಿನ ಭಾರಿ ಚಳಿಗಾಲದಲ್ಲಿ, ಮೂಡಣ ಗಾಳಿ ಬೀಸಿ ಸೊನ್ನೆಗಿಂತ ಹದಿನೈದು ಡಿಗ್ರಿ ಕೆಳಕ್ಕೆ ಇಳಿದಾಗ, ಬೇರೆಯವರ ತಾಳೆಗಳು ಚಳಿಗೆಂದು ಸುತ್ತಿದ ಹೊದಿಕೆಯೊಳಗೇ ಕೊಳೆತು ಸತ್ತರೆ, ಇವಳದು ಬರಿಮೈಯಲ್ಲಿ ನಿಂತು ಗೆದ್ದಿತ್ತು. ತಾಳೆ ಬೆಳೆಸುವವರ ಸಂಘದಲ್ಲಿ ಆ ಮರಕ್ಕೆ ಹೆಸರೇ ಬಿದ್ದಿತ್ತು: ಬರಿಮೈ ತಾಳೆ. ಜೀವನದಲ್ಲಿ ಒಂದೇ ಒಂದು ವಿಷಯದಲ್ಲಿ ತಾನು ಹೇಳಿದ್ದು ನಿಜವಾಗಿತ್ತು, ಅದನ್ನೂ ಈಗ ಏರಿ ನುಂಗುತ್ತದೆ.

ತಲೆ ಎತ್ತಿ ನೋಡಿದಾಗ ಎಲೆಗಳ ನಡುವೆ ಹೂಗೊಂಚಲು ಒಡೆಯುತ್ತಿರುವುದು ಕಂಡಿತು. ಹಸಿರು ಬಣ್ಣದವು, ಎಂದರೆ ಹೆಣ್ಣು. ಈ ಜಾತಿಯಲ್ಲಿ ಗಂಡು ಮರವೇ ಬೇರೆ, ಹೆಣ್ಣು ಮರವೇ ಬೇರೆ. ಪ್ರತಿ ಮೇ ತಿಂಗಳಲ್ಲೂ ಅವಳು ಆ ಗೊಂಚಲುಗಳನ್ನು ಚಾಕುವಿನಿಂದ ಕುಯ್ದು ಬಿಸಾಡುತ್ತಿದ್ದಳು. ಹೂವಿಗೆ ಹೋಗುವ ಶಕ್ತಿ ಚಳಿ ತಡೆಯಲು ಉಳಿಯಲಿ ಎಂಬುದು ತಾಳೆ ಬೆಳೆಸುವವರ ಲೆಕ್ಕ. ಎಷ್ಟು ವರ್ಷ ಕುಯ್ದಿದ್ದಳೋ. ಈ ಸಲ ಚಾಕು ಹಿಡಿದ ಕೈ ಅಲ್ಲಿಯೇ ನಿಂತಿತು. ಈಗ ಹೂ, ಚಳಿಗಾಲದ ಕೊನೆಗೆ ಬೀಜ. ಏಪ್ರಿಲ್‌ಗೆ ಮೊದಲೇ ಬೀಜ ಬಲಿತೀತು. ಮರ ಹೋದರೂ ಮರದ ಮಕ್ಕಳು ಉಳಿದಾವು. ಬೇಕಾದದ್ದು ಒಂದೇ, ಗಂಡು.

ಅಂದಿನಿಂದ ಕ್ರೀನಾ ಬೆಳೆದ ಮಗಳನ್ನು ಮನೆಯಲ್ಲಿಟ್ಟುಕೊಂಡ ತಾಯಿಯ ಹಾಗೆ ಗಂಡು ಹುಡುಕತೊಡಗಿದಳು. ಸಂಘದವರಿಗೆಲ್ಲ ಫೋನ್ ಮಾಡಿದಳು. ಒಬ್ಬನದು ಇನ್ನೂ ಚಿಕ್ಕದು, ಹೂ ಬಿಟ್ಟೇ ಇಲ್ಲ. ಇನ್ನೊಬ್ಬನದು ತನ್ನದರಂತೆಯೇ ಹೆಣ್ಣು. ಗೋಡೆಯ ಬೆಚ್ಚನೆ ಬಿಸಿಲಲ್ಲಿ ಗಂಡು ಮರ ಬೆಳೆಸಿದವರೆಲ್ಲ, ಈ ವರ್ಷ ಬೇಗ ಬಿಸಿಲು ಬಂತಲ್ಲ, ನಮ್ಮದು ಹೂ ಮುಗಿಸಿ ಒಣಗಿಯೂ ಆಯಿತು ಎಂದರು. ನೆರಳಿನಲ್ಲಿ ಬೆಳೆದು ತಡವಾಗಿ ಹೂ ಬಿಡುವ ಗಂಡು ಒಂದೇ ಉಳಿದಿತ್ತು. ಅದು ಎಲ್ಲಿದೆ ಎಂಬುದು ಅವಳಿಗೆ ಮೊದಲ ದಿನದಿಂದಲೂ ಗೊತ್ತಿತ್ತು. ಅದಕ್ಕೇ ಉಳಿದವರಿಗೆಲ್ಲ ಮೊದಲು ಫೋನ್ ಮಾಡಿದ್ದು.

ಅದು ಇದ್ದದ್ದು ಊರಾಚೆ, ತಮ್ಮ ಲೀವನ್‌ನ ಕಣಜದ ಹಿಂದೆ. ಅಕ್ಕ ತಮ್ಮನ ನಡುವೆ ಮಾತು ನಿಂತು ಆರು ವರ್ಷವಾಗಿತ್ತು.

ಜಗಳ ಶುರುವಾದದ್ದು ಹೊದಿಕೆಯಿಂದ. ತಾಳೆ ಬೆಳೆಸುವವರಲ್ಲಿ ಎರಡು ಮತ. ಚಳಿಗಾಲ ಬಂದರೆ ಮರಕ್ಕೆ ಗೋಣಿ, ಕಂಬಳಿ ಸುತ್ತಿ ಒಳಗೆ ದೀಪ ಇಟ್ಟು ಕಾಯಬೇಕು ಎನ್ನುವವರು ಕೆಲವರು. ಸುತ್ತಿದರೆ ಒಳಗೆ ತೇವ ಕಟ್ಟಿ ಸುಳಿ ಕೊಳೆಯುತ್ತದೆ, ಗಾಳಿಗೆ ಬಿಡು, ಬದುಕುವುದು ಬದುಕಲಿ ಎನ್ನುವವರು ಕೆಲವರು. ಲೀವನ್ ಸುತ್ತುವವನು, ಕ್ರೀನಾ ಬಿಡುವವಳು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂತೆ ಇಬ್ಬರೂ ಪ್ರತಿ ಚಳಿಗಾಲ ವಾದ ಮಾಡುವುದು, ಕ್ರಿಸ್‌ಮಸ್‌ ಊಟಕ್ಕೆ ಒಟ್ಟಿಗೆ ಕೂರುವುದು ನಡೆದುಬಂದಿತ್ತು. ಆ ಭಾರಿ ಚಳಿಗಾಲದಲ್ಲಿ ಕ್ರೀನಾ ಹಲ್ಲು ಕೀಳಿಸಲು ಪೇಟೆಗೆ ಹೋದ ದಿನ, ಲೀವನ್ ಕೇಳದೆ ಹೇಳದೆ ಬಂದು ಅವಳ ತಾಳೆಗೆ ಬುಡದಿಂದ ನೆತ್ತಿಯವರೆಗೆ ಕಂಬಳಿ ಸುತ್ತಿ ಹೋಗಿದ್ದ. ಮಾರನೆಯ ಬೆಳಿಗ್ಗೆ ಅದನ್ನು ಕಂಡ ಕ್ರೀನಾಳಿಗೆ ಮೈಯೆಲ್ಲ ಉರಿದುಹೋಯಿತು. ಊದಿದ ಕೆನ್ನೆಯಲ್ಲೇ ಏಣಿ ಹತ್ತಿ ಕಂಬಳಿ ಕಿತ್ತು ಎಸೆದಳು. ಅಷ್ಟರಲ್ಲಿ ಲೀವನ್ ಬಂದ. ಹೆಪ್ಪುಗಟ್ಟಿದ ಕಾಲುವೆಯ ಮೇಲೆ ಜಾರಲು ಹೊರಟಿದ್ದ ಊರವರು ಸ್ಕೇಟುಗಳನ್ನು ಹೆಗಲಿಗೆ ಹಾಕಿಕೊಂಡು ನೋಡುತ್ತ ನಿಂತರು. ಕೆನ್ನೆ ಊದಿ ಅವಳ ಮಾತೆಲ್ಲ ತೊದಲುತ್ತಿತ್ತು, ಆದರೆ ಒಂದು ಮಾತು ಮಾತ್ರ ಸ್ಪಷ್ಟವಾಗಿ ಬಂತು. ಹೀಗೆ ಸುತ್ತಿ ಸುತ್ತಿ ಉಸಿರು ಕಟ್ಟಿಸಿಯೇ ನಿನ್ನ ಹೆಂಡತಿ ಬಿಟ್ಟುಹೋದಳು ಎಂದಳು. ಹೆಂಡತಿ ಆನ್ನೆಲೂಸ್ ಮನೆ ಬಿಟ್ಟು ಹೋಗಿ ಆಗ ಎರಡು ತಿಂಗಳೂ ಆಗಿರಲಿಲ್ಲ. ಲೀವನ್ ಕಂಬಳಿಗಳನ್ನು ಹೆಕ್ಕಿ, ಮಡಿಸಿ, ಕಂಕುಳಲ್ಲಿ ಇಟ್ಟುಕೊಂಡು ಹೊರಟುಹೋದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಈಗ ಅವನ ಬಾಗಿಲಿಗೆ ಹೋಗುವುದೆಂದರೆ! ಕ್ರೀನಾ ಮೊದಲು ಬ್ರೆಡ್ ಗಾಡಿಯ ಕೋರಿಯನ್ನು ಕಳಿಸಿದಳು. ಕೋರಿ ವಾರಕ್ಕೆರಡು ಸಲ ಮನೆ ಮನೆಗೆ ಬ್ರೆಡ್ಡೂ ಸುದ್ದಿಯೂ ಹಂಚುವವಳು, ಎರಡನ್ನೂ ಬಿಸಿಯಾಗಿಯೇ ಕೊಡುತ್ತಾಳೆ. ಅಕ್ಕನ ಮರ ಹೋಗುವ ಸಂಗತಿ, ಹೂವಿನ ಸಂಗತಿ ಎಲ್ಲವನ್ನೂ ಲೀವನ್‌ಗೆ ತಿಳಿಸಿ, ಮರುದಿನ ಉತ್ತರ ತಂದಳು. ಹೇಳಲು ಅವಳಿಗೆ ಸ್ವಲ್ಪ ಖುಷಿಯೇ ಇತ್ತು.

"ಅವತ್ತು ಅಷ್ಟು ಚೆನ್ನಾಗಿ ಮಾತಾಡಿದ ಬಾಯಿ ಇದೆಯಲ್ಲ, ಅದೇ ಬಂದು ಕೇಳ್ಲಿ ಅಂದ. ಇನ್ನೊಂದು ವಿಷ್ಯ, ಕತ್ತರಿ ಸಾಣೆ ಹಿಡೀತಾ ಕೂತಿದ್ದ. ಹೂ ಕತ್ತರಿಸೋ ವಾರ ಇದು ಅವನಿಗೆ."

ಲೀವನ್ ಅವಳಿಗಿಂತ ಅಚ್ಚುಕಟ್ಟು, ಗೊಂಚಲು ಕಂಡ ಕೂಡಲೇ ಕತ್ತರಿಸಿ ಗೊಬ್ಬರದ ಗುಂಡಿಗೆ ಹಾಕುವವನು. ಬಿಂಕ ಆಮೇಲೆ ನೋಡೋಣ ಎಂದುಕೊಂಡು ಸೈಕಲ್ ಹತ್ತಿದಳು. ಬರಿಗೈಯಲ್ಲಿ ಹೋಗಬಾರದೆಂದು ಕೋರಿಯ ಹತ್ತಿರವೇ ನಾಲ್ಕು ಬೋಲಸ್ ಕೊಂಡಳು. ಚಕ್ಕೆಯ ಪುಡಿ, ಕಂದು ಸಕ್ಕರೆ ಹಾಕಿ ಸುರುಳಿ ಸುತ್ತಿದ ಆ ಅಂಟು ಬನ್ನಿಗೆ ಲೀವನ್ ಚಿಕ್ಕಂದಿನಿಂದಲೂ ಪ್ರಾಣ ಬಿಡುತ್ತಿದ್ದ. ಏರಿಯ ಮೇಲೆ ಎದುರುಗಾಳಿ, ಲಂಗ ಮೊಣಕಾಲಿಗೆ ಸುತ್ತಿಕೊಳ್ಳುತ್ತಿತ್ತು. ದಾರಿಯುದ್ದಕ್ಕೂ ಏನು ಹೇಳುವುದು ಎಂದು ಮಾತು ಜೋಡಿಸಿದಳು. ಅವನ ಗೇಟು ಕಂಡಾಗ ಜೋಡಿಸಿದ ಒಂದು ಮಾತೂ ನೆನಪಿರಲಿಲ್ಲ.

ಲೀವನ್ ಏಣಿಯ ಮೇಲಿದ್ದ. ಕೈಯಲ್ಲಿ ಕತ್ತರಿ. ಏಣಿಯ ಬುಡದಲ್ಲಿ ಹಳದಿ ಗೊಂಚಲುಗಳು ರಾಶಿ ಬಿದ್ದಿದ್ದವು, ಹಿಂದಿನ ರಾತ್ರಿಯ ಮಳೆಯಲ್ಲಿ ನೆನೆದು ಮುದ್ದೆಯಾಗಿದ್ದವು. ಕ್ರೀನಾ ಸೈಕಲ್ಲನ್ನು ಹಾಗೇ ಹುಲ್ಲಿನ ಮೇಲೆ ಬೀಳಲು ಬಿಟ್ಟು, ಮಣ್ಣಿನಲ್ಲಿ ಮಂಡಿಯೂರಿ ಒಂದೊಂದೇ ಗೊಂಚಲನ್ನು ಎತ್ತಿ ಅಂಗೈ ಮೇಲೆ ಕೊಡವಿದಳು. ಪರಾಗದ ಒಂದು ಕಣವೂ ಉದುರಲಿಲ್ಲ. ನೀರು ಸೋಕಿದರೆ ಮುಗಿಯಿತು, ಅದು ಅವಳಿಗೂ ಗೊತ್ತು, ಅವನಿಗೂ ಗೊತ್ತು.

"ಅವು ನಿನ್ನೆ ಕತ್ತರಿಸಿದ್ದು, ಕೋರಿ ಬರೋಕೆ ಮುಂಚೆ," ಎಂದ ಲೀವನ್, ಏಣಿಯ ಮೇಲಿಂದಲೇ. "ಮೇಲೊಂದು ಉಳಿದಿದೆ. ಇನ್ನೂ ಬಿಚ್ಚಿಲ್ಲ."

ಕ್ರೀನಾ ತಲೆ ಎತ್ತಿದಳು. ಬಡಗಣ ದಿಕ್ಕಿಗೆ, ಎಲೆಗಳ ಸಂದಿಯಲ್ಲಿ, ಮೀನಿನಂತೆ ಉಬ್ಬಿದ ಮುಚ್ಚಿದ ಮೊಗ್ಗು. ಆರು ವರ್ಷದ ಮೇಲೆ ತಮ್ಮನ ಮುಖವನ್ನೂ ಸರಿಯಾಗಿ ನೋಡಿದ್ದು ಆಗಲೇ. ಬೋಳಾಗಿದ್ದ. ಅಪ್ಪನ ಹಾಗೇ ಕಾಣುತ್ತಿದ್ದ. ಗಾಳಿ ಜೋರಾಗಿದೆ ಎಂದಳು. ಹೌದು ಎಂದ. ಆಲೂಗಡ್ಡೆ ಹೇಗಿದೆ ಎಂದಳು. ಪರವಾಗಿಲ್ಲ ಎಂದ. ನಮ್ಮ ಕಡೆಯವರು ಕ್ಷಮೆ ಕೇಳುವುದೆಂದರೆ ಹೀಗೆಯೇ, ಹವಾಮಾನ, ಬೆಳೆ, ದನ, ಎಲ್ಲ ಸುತ್ತಿ ಬಂದು ಕೊನೆಗೆ ಕೇಳದೆಯೇ ಮನೆಗೆ ಹೋಗುತ್ತಾರೆ. ಲೀವನ್ ಕತ್ತರಿಯನ್ನು ಜೇಬಿಗೆ ಹಾಕಲಿಲ್ಲ.

"ಆ ಹೂ ಕತ್ತರಿಸದೆ ಬಿಡ್ತೀನಿ ಅಕ್ಕ. ಅದಕ್ಕೆ ಮುಂಚೆ ಅವತ್ತಂದ ಮಾತನ್ನ ವಾಪಸ್ ತಗೋ."

ಕ್ರೀನಾ ಮಂಡಿಯ ಮಣ್ಣು ಕೊಡವಿಕೊಂಡು ಎದ್ದು ನಿಂತಳು. "ಅದು ಸುಳ್ಳು," ಎಂದಳು. "ಆನ್ನೆಲೂಸ್ ನಿನ್ನಿಂದ ಹೋಗ್ಲಿಲ್ಲ. ಅದು ನಂಗೆ ಅವತ್ತೂ ಗೊತ್ತಿತ್ತು. ಗೊತ್ತಿದ್ದೂ, ನಿಂಗೆ ನೋಯ್ಲಿ ಅಂತಲೇ ಅಂದೆ. ತಪ್ಪು ನಂದು."

ಲೀವನ್ ಕತ್ತರಿಯನ್ನು ಜೇಬಿಗೆ ಹಾಕಿದ. "ಸ್ವಲ್ಪ ನನ್ನಿಂದಾನೂ ಹೌದು," ಎಂದು ಇಳಿದು ಬಂದು, ಚೀಲದಲ್ಲಿ ಏನಿದೆ ಎಂದು ಕೇಳಿದ. ಇಬ್ಬರೂ ಕಣಜದ ಮೆಟ್ಟಿಲ ಮೇಲೆ ಕೂತು, ಬೋಲಸನ್ನು ಮಗುಚಿ, ಚಪ್ಪಟೆ ಬೆನ್ನಿಗೆ ಬೆಣ್ಣೆ ಹಚ್ಚಿ ತಿಂದರು. ಕ್ರೀನಾಳಿಗೆ ಹೊಟ್ಟೆಗೆ ಹಾಲು ಹುಯ್ದ ಹಾಗಾಯಿತು.

ಮೊಗ್ಗು ಬಿರಿಯಲು ವಾರ ಹಿಡಿಯಿತು. ಆ ವಾರವೆಲ್ಲ ಅವಳಿಗೆ ಅನ್ನನೀರು ರುಚಿಸಲಿಲ್ಲ. ಇತ್ತ ಹೆಣ್ಣು ಹೂಗಳು ಬಾಡುತ್ತ ಬಂದಿದ್ದವು, ಇನ್ನು ಎರಡು ದಿನ ತಡವಾದರೆ ಸಂಬಂಧ ತಪ್ಪಿದಂತೆಯೇ ಎಂದು ಒದ್ದಾಡುತ್ತಿದ್ದಾಗ, ಒಂದು ಮಧ್ಯಾಹ್ನ ಲೀವನ್ ಏರಿಯ ಮೇಲೆ ಸೈಕಲ್ ತಳ್ಳಿಕೊಂಡು ಬರುವುದು ಕಂಡಿತು. ಸೈಕಲ್ಲಿನ ಮುಂದಿನ ಪೆಟ್ಟಿಗೆಯಲ್ಲಿ, ಹಳೆಯ ದಿನಪತ್ರಿಕೆಯಲ್ಲಿ ಸುತ್ತಿ ಮಲಗಿಸಿದ ಹಳದಿ ಗೊಂಚಲು. ಗಾಳಿಗೆ ಪರಾಗ ಹಾರೀತೆಂದು ಹತ್ತದೆ ಊರಾಚೆಯಿಂದ ನಡೆದೇ ಬಂದಿದ್ದ. ಊರವರು ಬಾಗಿಲುಗಳಿಗೆ ಬಂದು ನಿಂತರು. ಗಂಡಿನ ಕಡೆಯವರು ಬಂದ್ರು ಕಣ್ರೇ, ಕಾಫಿ ಇಡಿ ಎಂದು ಕೋರಿ ಗಾಡಿಯೊಳಗಿಂದ ಕೂಗಿದಳು. ಕ್ರೀನಾ ಮದುವೆ ಕಾಲದ ಪೌಡರ್ ಬ್ರಷ್ಷನ್ನು ಹುಡುಕಿ ತೊಳೆದು ಒಣಗಿಸಿ ಇಟ್ಟಿದ್ದಳು. ಲೀವನ್ ಏಣಿ ಹಿಡಿದ, ಅವಳು ಹತ್ತಿ, ಹಳದಿ ಪುಡಿಯನ್ನು ಹಸಿರು ಹೂಗಳಿಗೆ ಒಂದೊಂದಾಗಿ ಸವರಿದಳು. ಮೂರು ದಿನ ಹೀಗೇ ಮಾಡಿದರು. ಮೂರನೆಯ ದಿನ ಅವಳ ಮೂಗು, ಹುಬ್ಬು ಎಲ್ಲ ಹಳದಿ. ಲೀವನ್ ನಕ್ಕ. ಅವನು ನಕ್ಕದ್ದನ್ನು ನೋಡಿ ಎಷ್ಟು ಕಾಲವಾಗಿತ್ತು ಎಂದು ಅವಳಿಗೆ ಆಗ ಹೊಳೆಯಿತು.

ಜುಲೈನಲ್ಲಿ ಗೊಂಚಲಿನ ತುಂಬ ಸಾಸಿವೆಯಷ್ಟು ಹಸಿರು ಮಣಿಗಳು ಕಟ್ಟಿದವು. ಕ್ರೀನಾ ಅವನ್ನು ದಿನಕ್ಕೊಂದು ಸಲ ನೋಡಿ ಬರುವಳು, ಎಣಿಸುವುದಿಲ್ಲ, ದೃಷ್ಟಿ ತಾಗೀತು ಎಂದು. ಶರತ್ಕಾಲದ ಬಿರುಗಾಳಿಗೆ ಒಂದು ಗೊಂಚಲು ಮುರಿದು ಬಿತ್ತು. ಹಕ್ಕಿಗಳು ಬಾರದಂತೆ ಲೀವನ್ ಈಮಾನ್‌ನ ಹಳೆಯ ಮೀನುಬಲೆಯನ್ನು ಮರದ ತಲೆಗೆ ಹೊದಿಸಿದ. ಹೊದಿಸಬಹುದಾ ಎಂದು ಮೊದಲು ಕೇಳಿ ಹೊದಿಸಿದ. ಆ ಚಳಿಗಾಲ ಮೆತ್ತಗಿತ್ತು, ಕಾಲುವೆ ಒಂದು ದಿನವೂ ಹೆಪ್ಪುಗಟ್ಟಲಿಲ್ಲ. ಫೆಬ್ರುವರಿ ಕಳೆಯುವ ಹೊತ್ತಿಗೆ ಮಣಿಗಳು ನೀಲಿಗಪ್ಪಾಗಿ, ಮೇಲೆ ಬೂದಿಯಂಥ ಪೊರೆ ಕಟ್ಟಿ ಬಲಿತವು. ಇಬ್ಬರೂ ಸೇರಿ ಕುಯ್ದರು. ದೊಡ್ಡ ಪಾತ್ರೆ ತುಂಬಿತು. ಕ್ರೀನಾ ಪಾತ್ರೆಯೊಳಗೆ ಮೊಣಕೈವರೆಗೆ ಕೈ ಹಾಕಿ ಬೀಜಗಳನ್ನು ಹಿಡಿದು ಹಿಡಿದು ಬಿಟ್ಟಳು.

ಅರ್ಧ ಬೀಜ ಕುಂಡಗಳಿಗೆ, ಇನ್ನರ್ಧ ಊರಿಗೆ ಎಂದು ಅವಳು ಮೊದಲೇ ನಿಶ್ಚಯಿಸಿದ್ದಳು. ಮರ ಬೀಳುವ ದಿನ ಬಂದವರಿಗೆಲ್ಲ ಒಂದೊಂದು ಪೊಟ್ಟಣ. ತನ್ನ ಹಿತ್ತಿಲಿನ ಒಂದು ಮರ ಹೋದರೆ ಊರ ತುಂಬ ಅದರ ಮಕ್ಕಳು ನಿಲ್ಲಬೇಕು, ಏರಿ ಎಷ್ಟನ್ನು ನುಂಗೀತು ನೋಡೋಣ! ಮರ ಬೀಳುವ ಹಿಂದಿನ ದಿನ ಮಧ್ಯಾಹ್ನ ಅಡುಗೆಮನೆಯ ಮೇಜಿನ ಮೇಲೆ ಇಬ್ಬರೂ ಪೊಟ್ಟಣ ಕಟ್ಟಲು ಕೂತರು. ಲೀವನ್ ಬೀಜ ತುಂಬುವುದು, ಕ್ರೀನಾ ದಪ್ಪ ಪೆನ್ನಿನಲ್ಲಿ ಮೇಲೆ ಬರೆಯುವುದು. 'ಬರಿಮೈಯಲ್ಲಿ ಹದಿನೈದು ಡಿಗ್ರಿ ಚಳಿ ತಡೆದ ಮರದ ಬೀಜ.' ಪ್ರತಿಯೊಂದನ್ನು ಬರೆದಾಗಲೂ ಅವಳ ಬೆನ್ನು ಸ್ವಲ್ಪ ಸ್ವಲ್ಪ ನೆಟ್ಟಗಾಗುತ್ತಿತ್ತು. ಒಂದಷ್ಟು ಪೊಟ್ಟಣಗಳಾದ ಮೇಲೆ ನೋಡುತ್ತಾಳೆ, ಲೀವನ್ ಬೀಜ ತುಂಬುವುದನ್ನು ನಿಲ್ಲಿಸಿದ್ದಾನೆ.

"ಹಂಗೆ ಬರೀಬೇಡ ಅಕ್ಕ."

ಯಾಕಪ್ಪಾ, ಹೊಟ್ಟೆಕಿಚ್ಚಾ ಎಂದು ಕ್ರೀನಾ ಛೇಡಿಸಿದಳು.

"ಜನ ಇದನ್ನ ನಂಬ್ತಾರೆ. ಸಸಿನ ಬರಿಮೈಯಲ್ಲಿ ಚಳಿಗೆ ಬಿಡ್ತಾರೆ. ಅದು ಸಾಯುತ್ತೆ."

"ನಂದು ಸತ್ತಿಲ್ವಲ್ಲ."

ಲೀವನ್ ಎರಡು ಬೀಜಗಳನ್ನು ಬೆರಳಲ್ಲಿ ಉರುಳಿಸುತ್ತಿದ್ದ. ಈ ಮನುಷ್ಯನಿಗೆ ಸುಳ್ಳು ಹೇಳಲು ಬಾರದು. ಆರು ವರ್ಷ ಸುಮ್ಮನಿರಲು ಬಂದಿತ್ತು, ಅಷ್ಟೇ. ಇನ್ನು ಸುಮ್ಮನಿದ್ದರೆ ಊರವರ ಸಸಿಗಳು ಸಾಯುತ್ತಿದ್ದವು.

"ನಿಂದು ಬರಿಮೈಯಲ್ಲಿ ನಿಂತಿರ್ಲಿಲ್ಲ," ಎಂದ.

ಆಮೇಲೆ ತಡೆತಡೆದು ಹೇಳಿದ. ಆ ಚಳಿಯಲ್ಲಿ, ಕತ್ತಲಾಗಿ ಕ್ರೀನಾ ಕಿಟಕಿಯ ಬಾಗಿಲು ಎಳೆದುಕೊಂಡ ಮೇಲೆ, ಅವನು ಏರಿಯ ಕಡಲ ಬದಿಯಿಂದ, ಯಾರಿಗೂ ಕಾಣದ ಹಾಗೆ ನಡೆದು ಬರುತ್ತಿದ್ದ. ಕೊಟ್ಟಿಗೆಯ ಹಿಂದಿನ ಏಣಿ ಹಾಕಿ ಮರದ ಸುಳಿಗೆ ಕಂಬಳಿ ಕಟ್ಟಿ, ಒಳಗೆ ತಗಡಿನ ಡಬ್ಬಿಯಲ್ಲಿ ಎರಡು ಮೇಣದ ದೀಪ ಇಡುತ್ತಿದ್ದ. ಸಮಾಧಿಗಳ ಮೇಲೆ ಇಡುವ, ರಾತ್ರಿಯೆಲ್ಲ ಉರಿಯುವ ದೀಪಗಳು. ಬೆಳಕು ಹರಿಯುವ ಮೊದಲೇ ಬಂದು ಎಲ್ಲವನ್ನೂ ಬಿಚ್ಚಿಕೊಂಡು ಹೋಗುತ್ತಿದ್ದ. ಹಿಮ ಬಿದ್ದಿರಲಿಲ್ಲ, ಹೆಜ್ಜೆ ಮೂಡಲಿಲ್ಲ. ಮೂಡಣ ಗಾಳಿ ತಿರುಗುವವರೆಗೂ ಹೀಗೇ ಮಾಡಿದ.

ಕ್ರೀನಾಳ ಮುಖ ಬಿಳಿಚಿಕೊಂಡಿತು. ಮೊದಲು ಬಂದದ್ದು ಸಿಟ್ಟು. ಇಷ್ಟು ವರ್ಷ ಬೀದಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ಹೇಳಿದ್ದೇನು, ಸಂಘದಲ್ಲಿ ಎದೆಯುಬ್ಬಿಸಿ ನಿಂತದ್ದೇನು! ತನ್ನದೆಂದು ಇದ್ದ ಒಂದೇ ಗೆಲುವು, ಅದೂ ತನ್ನದಲ್ಲ. ಮೇಜಿನ ಮೇಲಿನ ಪೊಟ್ಟಣಗಳನ್ನೆಲ್ಲ ಒಂದೇ ಏಟಿಗೆ ನೆಲಕ್ಕೆ ಉರುಳಿಸಿಬಿಡಬೇಕು ಅನ್ನಿಸಿತು. ಆಮೇಲೆ ಅವಳ ಮನಸ್ಸು ಬೇರೊಂದು ಕಡೆ ಹೋಗಿ ನಿಂತಿತು. ಊರವರ ಮುಂದೆ ಆ ಮಾತು ಆಡಿದ್ದು ಬೆಳಿಗ್ಗೆ.

"ಮೊದ್ಲನೇ ಸಲ ಬಂದಿದ್ದು ಯಾವಾಗ?"

"ಅವತ್ತೇ."

"ಅವತ್ತೇ ಸಾಯಂಕಾಲಾನಾ? ನಾನು ಅಷ್ಟು ಅಂದ ಮೇಲೂ?"

"ಚಳಿ ಅವತ್ತೇ ಇತ್ತಲ್ಲಕ್ಕ," ಎಂದ ಲೀವನ್.

ಕ್ರೀನಾ ಅತ್ತಳು. ಈಮಾನ್ ಹೋದಾಗ ಊರವರ ಮುಂದೆ ಕಣ್ಣೀರು ಹಾಕದ ಹೆಂಗಸು, ಬೀಜದ ಪಾತ್ರೆಯ ಮುಂದೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಆಮೇಲಾದರೂ ಯಾಕೆ ಹೇಳಲಿಲ್ಲ ಎಂದು ಕೇಳಿದಳು. ಲೀವನ್ ಪಾತ್ರೆಯೊಳಗೆ ನೋಡುತ್ತ, ನಿಂಗೆ ಅದೊಂದೇ ಅಲ್ವಾ ಇದ್ದಿದ್ದು ಎಂದ. ಅವಳು ಮೂಗು ಒರೆಸಿಕೊಂಡು, ಮುಚ್ಚಳ ತೆರೆದ ಬಿಸ್ಕತ್ತಿನ ಡಬ್ಬಿಯನ್ನು ಅವನ ಮುಂದೆ ತಳ್ಳಿದಳು. ಬೇಕಾದಷ್ಟು ತಿನ್ನು ಎಂದಳು. ಬರೆದ ಪೊಟ್ಟಣಗಳನ್ನೆಲ್ಲ ಹರಿದು ಒಲೆಗೆ ಹಾಕಿ, ಹೊಸ ಕಾಗದ ತೆಗೆದುಕೊಂಡಳು.

ಮಾರನೆಯ ದಿನ ಆಕಾಶ ತಿಳಿಯಾಗಿತ್ತು. ಊರಿನ ಅರ್ಧ ಜನ ಏರಿಯ ಮೇಲೆ ಸೇರಿದ್ದರು. ಕೋರಿ ಗಾಡಿ ನಿಲ್ಲಿಸಿ ಬಿಟ್ಟಿಯಾಗಿ ಬನ್ನು ಹಂಚಿದಳು, ಅವಳ ಜೀವಮಾನದಲ್ಲಿ ಅದೊಂದೇ ಸಲ. ಮಂಡಳಿಯ ಆಳು ಯಂತ್ರಗರಗಸ ಚಾಲೂ ಮಾಡುವ ಮೊದಲು ಮಾರಿಟ್ ಬಂದು, ಬೇಕಾದರೆ ಒಳಗೆ ಹೋಗಿರಿ ಮೇಡಂ ಎಂದಳು. ಇಲ್ಲ, ಇದನ್ನು ನೆಟ್ಟಾಗಲೂ ಇಲ್ಲೇ ನಿಂತಿದ್ದೆ ಎಂದ ಕ್ರೀನಾ, ತಮ್ಮನ ತೋಳು ಹಿಡಿದುಕೊಂಡು ನಿಂತಳು. ತಾಳೆಗೆ ಮರದ ಗಟ್ಟಿತನವಿಲ್ಲ, ನಾರು ನಾರಾಗಿ ಹರಿಯಿತು. ಬೀಳುವಾಗ ದೊಡ್ಡ ಸದ್ದೂ ಮಾಡಲಿಲ್ಲ. ಎಲೆಗಳು ಒಮ್ಮೆ ಸುಯ್ಯೆಂದವು, ಅಷ್ಟೇ. ಕಡಲಿನ ಕಡೆಯ ಆಕಾಶ ಹಿತ್ತಿಲಿಗೆ ಒಮ್ಮೆಲೇ ತೆರೆದುಕೊಂಡಿತು. ಕ್ರೀನಾಳಿಗೆ ನೋವಾಯಿತು, ಆಗಲಿಲ್ಲವೆಂದರೆ ಸುಳ್ಳು. ಆದರೆ ಅವಳು ಅಂದುಕೊಂಡಿದ್ದಷ್ಟು ಆಗಲಿಲ್ಲ. ಬಿದ್ದದ್ದು ಮರ, ಅವಳ ಕೈಯಲ್ಲಿ ತಮ್ಮನ ತೋಳಿತ್ತು.

ಆಮೇಲೆ ಬುಟ್ಟಿ ಹಿಡಿದು ಪೊಟ್ಟಣಗಳನ್ನು ಹಂಚಿದಳು. ಜನ ಮೇಲಿನದನ್ನು ಓದಿದರು, ಇನ್ನೊಂದು ಸಲ ಓದಿದರು, ಲೀವನ್ ಕಡೆ ನೋಡಿದರು. ಆ ಚಳಿಗಾಲದ ಜಗಳವನ್ನು ಸ್ಕೇಟು ಹೊತ್ತು ನೋಡಿದ್ದವರೇ ಬಹಳ ಮಂದಿ. ಯಾರೂ ಕೇಳುವ ಮೊದಲೇ ಕ್ರೀನಾ ಒಬ್ಬೊಬ್ಬರಿಗೂ ಎಲ್ಲವನ್ನೂ ಹೇಳಿದಳು, ದೀಪದ ಡಬ್ಬಿಯನ್ನೂ ಬಿಡದೆ. ಲೀವನ್ ಕಿವಿಯವರೆಗೆ ಕೆಂಪಾಗಿ, ಬಿದ್ದ ಎಲೆಗಳನ್ನು ಜೋಡಿಸುವ ನೆಪದಲ್ಲಿ ಬಗ್ಗಿಯೇ ಇದ್ದ.

ಕೊನೆಯ ಪೊಟ್ಟಣ ಮಾರಿಟ್‌ಗೆ. ಹುಡುಗಿ ಗಟ್ಟಿಯಾಗಿ ಓದಿದಳು. "'ಹದಿನೈದು ಡಿಗ್ರಿ ಚಳಿ ತಡೆಯುತ್ತದೆ, ತಮ್ಮನಿದ್ದರೆ.'" ಓದಿ ನಕ್ಕಳು. ಆಮೇಲೆ ಅವಳ ಮುಖ ಸಪ್ಪಗಾಯಿತು. "ನಂಗೆ ತಮ್ಮ ಇಲ್ವಲ್ಲ ಮೇಡಂ. ನಾನೊಬ್ಳೇ."

"ಹಂಗಾದ್ರೆ ಚಳಿ ಬಂದಾಗ ಫೋನ್ ಮಾಡು," ಎಂದಳು ಕ್ರೀನಾ. "ನನ್ನ ತಮ್ಮನ್ನ ಕಳಿಸ್ತೀನಿ."

ಲೀವನ್ ಎಲೆಗಳ ರಾಶಿಯಿಂದ ತಲೆ ಎತ್ತಿ, ಮನೆ ಎಷ್ಟು ದೂರ ಎಂದು ಹುಡುಗಿಯನ್ನು ಕೇಳಿದ.